ಹಿಸ್ಪಾನಿಕ್ ಜನರಲ್ಲಿ ಜಠರದ ಕ್ಯಾನ್ಸರ್‌ಪೂರ್ವ ಬದಲಾವಣೆ ಎಷ್ಟು ಸಾಮಾನ್ಯ? ಬೀಗಿತ್ತಿಯ ಬಯಾಪ್ಸಿ ವರದಿಯ ಬಗ್ಗೆ ಒಂದು ಪ್ರಶ್ನೆ

ಬೆಣ್ಣೆದೋಸೆ_ದಾವಣಗೆರೆ

ಎಲ್ಲರಿಗೂ ನಮಸ್ಕಾರ. ನನ್ನ ಮಗ ಹ್ಯೂಸ್ಟನ್‌ನಲ್ಲಿದ್ದಾನೆ. ಸೊಸೆ ಅಲ್ಲಿಯೇ ಬೆಳೆದವಳು. ಅವಳ ತಾಯಿ, ಅಂದರೆ ನಮ್ಮ ಬೀಗಿತ್ತಿ, ದಕ್ಷಿಣ ಅಮೆರಿಕದಿಂದ ಬಂದು ನೆಲೆಸಿದವರು. ಅರವತ್ತು ದಾಟಿದೆ. ಎದೆಯುರಿ, ಹೊಟ್ಟೆಯುಬ್ಬರ ಎಂದು ಬಹಳ ಕಾಲದಿಂದ ನರಳುತ್ತಿದ್ದರು. ಈಗ ಎಂಡೋಸ್ಕೋಪಿ ಆಗಿದೆ. ಹುಣ್ಣಿಲ್ಲ, ಗಡ್ಡೆಯಿಲ್ಲ. ಆದರೆ ಬಯಾಪ್ಸಿ ವರದಿಯಲ್ಲಿ ‘ಆಂಟ್ರಮ್ ಭಾಗದಲ್ಲಿ ಇಂಟೆಸ್ಟೈನಲ್ ಮೆಟಾಪ್ಲೇಸಿಯಾ, ಎಚ್. ಪೈಲೋರಿ ಇದೆ, ಡಿಸ್‌ಪ್ಲೇಸಿಯಾ ಇಲ್ಲ’ ಎಂದು ಬರೆದಿದ್ದಾರೆ. ಇದು ಕ್ಯಾನ್ಸರ್‌ಗೆ ಮುಂಚಿನ ಹಂತ ಎಂದು ಸೊಸೆ ಎಲ್ಲೋ ಓದಿಕೊಂಡು ಅಳುತ್ತಾ ಕುಳಿತಿದ್ದಾಳೆ.

ಅಲ್ಲಿನ ವೈದ್ಯರು ‘ಹಿಸ್ಪಾನಿಕ್ ಜನರಲ್ಲಿ ಇದು ಸಾಮಾನ್ಯ’ (ಸ್ಪ್ಯಾನಿಷ್ ಮಾತಾಡುವ ದೇಶಗಳ ಮೂಲದವರನ್ನು ಅಲ್ಲಿ ಹಾಗೆ ಕರೆಯುತ್ತಾರೆ) ಎಂದು ಹೇಳಿ, ಮಾತ್ರೆ ಬರೆದುಕೊಟ್ಟು ಕಳುಹಿಸಿದರಂತೆ. ಸಾಮಾನ್ಯ ಎಂದ ಮೇಲೆ ಹೆದರಬೇಕಾಗಿಲ್ಲ ಎಂದು ನಾವು ತಿಳಿಯಬೇಕೇ, ಅಥವಾ ಆ ಜನರಲ್ಲಿ ಅಪಾಯವೇ ಹೆಚ್ಚು ಎಂದು ತಿಳಿಯಬೇಕೇ? ಬ್ಯಾಂಕಿನಲ್ಲಿ ದುಡಿದು ನಿವೃತ್ತನಾದವನು ನಾನು, ವೈದ್ಯಶಾಸ್ತ್ರ ಗೊತ್ತಿಲ್ಲ. ನೂರು ಜನರಲ್ಲಿ ಎಷ್ಟು ಮಂದಿಗೆ ಇರುತ್ತದೆ ಎಂದು ಒಂದು ಅಂಕಿ ಸಿಕ್ಕಿದರೂ ಸಮಾಧಾನ.

ಸೂಕ್ಷ್ಮದರ್ಶಕ

ರಾಯರೇ, ನಾನು ಪ್ಯಾಥಾಲಜಿಸ್ಟ್. ಮೈಸೂರಿನಲ್ಲಿ ಓದಿ ಈಗ ಟೆಕ್ಸಾಸ್‌ನಲ್ಲಿ ಇಂಥ ಚೂರುಗಳನ್ನೇ ನೋಡುತ್ತಾ ದಿನ ಕಳೆಯುತ್ತೇನೆ. ಆ ವರದಿಯಲ್ಲಿ ಮೊದಲು ಓದಬೇಕಾದದ್ದು ಕೊನೆಯ ಮಾತು: ಡಿಸ್‌ಪ್ಲೇಸಿಯಾ ಇಲ್ಲ, ಅಂದರೆ ಜೀವಕೋಶಗಳು ಕ್ಯಾನ್ಸರ್‌ನತ್ತ ವಿಕಾರಗೊಂಡಿಲ್ಲ. ಅದನ್ನು ಸೊಸೆಗೆ ಈಗಲೇ ಹೇಳಿ.

ಉಳಿದದ್ದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ. ಎಚ್. ಪೈಲೋರಿ ಎಂಬ ಬ್ಯಾಕ್ಟೀರಿಯಾ ಸಾಮಾನ್ಯವಾಗಿ ಬಾಲ್ಯದಲ್ಲಿಯೇ ಹೊಟ್ಟೆ ಸೇರುತ್ತದೆ. ಔಷಧಿ ಕೊಟ್ಟು ಓಡಿಸದಿದ್ದರೆ ಜೀವಮಾನವಿಡೀ ಅಲ್ಲಿಯೇ ಇರುತ್ತದೆ. ಅದರಿಂದ ಜಠರದ ಒಳಪದರದಲ್ಲಿ ನಿಧಾನವಾಗಿ ಉರಿಯೂತ ನಡೆಯುತ್ತಿರುತ್ತದೆ. ದಶಕಗಳು ಕಳೆದಂತೆ ಕೆಲವರಲ್ಲಿ ಅಲ್ಲಿನ ಗ್ರಂಥಿಗಳು ಸವೆದುಹೋಗುತ್ತವೆ, ಇದಕ್ಕೆ ಅಟ್ರೋಫಿ ಎನ್ನುತ್ತೇವೆ. ಸವೆದ ಜಾಗದಲ್ಲಿ ಜಠರದ್ದಲ್ಲದ, ಕರುಳಿನಲ್ಲಿರುವಂಥ ಜೀವಕೋಶಗಳು ಬೆಳೆಯುತ್ತವೆ. ಇದೇ ಇಂಟೆಸ್ಟೈನಲ್ ಮೆಟಾಪ್ಲೇಸಿಯಾ. ನಿಮ್ಮ ಬೀಗಿತ್ತಿಯ ವರದಿಯಲ್ಲಿರುವುದು ಈ ಹಂತ, ಅದೂ ಜಠರದ ಕೆಳಭಾಗವಾದ ಆಂಟ್ರಮ್‌ನಲ್ಲಿ. ಇದರ ಮುಂದಿನದು ಡಿಸ್‌ಪ್ಲೇಸಿಯಾ, ಅದರಾಚೆ ಕ್ಯಾನ್ಸರ್. ಒಂದೊಂದು ಮೆಟ್ಟಿಲಲ್ಲೂ ಬಹುಪಾಲು ಜನ ಅಲ್ಲಿಯೇ ನಿಂತುಬಿಡುತ್ತಾರೆ. ನೆದರ್ಲೆಂಡ್ಸ್‌ನಲ್ಲಿ ತೊಂಬತ್ತು ಸಾವಿರಕ್ಕೂ ಹೆಚ್ಚು ರೋಗಿಗಳ ದಾಖಲೆಗಳನ್ನು ಹಿಂಬಾಲಿಸಿದ ಅಧ್ಯಯನವೊಂದು 2008ರಲ್ಲಿ ಪ್ರಕಟವಾಯಿತು. ಮೆಟಾಪ್ಲೇಸಿಯಾ ಇದ್ದವರಲ್ಲಿ ಕ್ಯಾನ್ಸರ್‌ಗೆ ಹೋದವರು ವರ್ಷಕ್ಕೆ ಶೇ. 0.25, ಅಂದರೆ ನಾನೂರರಲ್ಲಿ ಒಬ್ಬರು. ತೀವ್ರ ಡಿಸ್‌ಪ್ಲೇಸಿಯಾ ಇದ್ದವರಲ್ಲಿ ಶೇ. 6. ಕೊನೆಯ ಮಾತನ್ನು ಮೊದಲು ಓದಿ ಎಂದದ್ದು ಇದಕ್ಕೇ.

ಈ ಮೆಟ್ಟಿಲುಗಳ ಸರಣಿಯನ್ನು ನಾವು ಕೊರಿಯಾ ಸರಣಿ ಎನ್ನುತ್ತೇವೆ. ಏಷ್ಯಾದ ಕೊರಿಯಾ ದೇಶಕ್ಕೂ ಇದಕ್ಕೂ ಸಂಬಂಧವಿಲ್ಲ. ಪೆಲಾಯೊ ಕೊರಿಯಾ ಎಂಬ ಕೊಲಂಬಿಯಾದ ಪ್ಯಾಥಾಲಜಿಸ್ಟ್ ಮತ್ತು ಸಂಗಡಿಗರು 1975ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಇದನ್ನು ಮುಂದಿಟ್ಟರು.

ನಿಮ್ಮ ಪ್ರಶ್ನೆಗೆ ಅಂಕಿ ಕೊಡುವ ಮೊದಲು ನಾನೊಂದು ಕೇಳುತ್ತೇನೆ. ಬೀಗಿತ್ತಿ ದಕ್ಷಿಣ ಅಮೆರಿಕದ ಯಾವ ದೇಶದವರು? ಸಾಧ್ಯವಾದರೆ ಯಾವ ಊರು?

ತುಂಗಾತೀರ

ಡಾಕ್ಟರೇ, ಊರು ಯಾಕೆ? ಎಲ್ಲರೂ ಹಿಸ್ಪಾನಿಕ್ ತಾನೇ. ನೂರಕ್ಕೆ ಇಷ್ಟು ಎಂದು ಹೇಳಿಬಿಡಿ.

ಅಂಕಿಅಂಶ_ಅಜ್ಜ

ತುಂಗಾತೀರ ಅವರೇ, ನೂರು ಜನ ಎಂದರೆ ಯಾವ ನೂರು ಜನ? ಧಾರವಾಡದಲ್ಲಿ ಸಂಖ್ಯಾಶಾಸ್ತ್ರ ಕಲಿಸುವಾಗ ನಾನು ತರಗತಿಯಲ್ಲಿ ಮೊದಲು ಕೇಳುತ್ತಿದ್ದ ಪ್ರಶ್ನೆ ಅದೇ. ಈ ಬದಲಾವಣೆ ಹೊರಗೆ ಕಾಣುವುದಿಲ್ಲ, ರಕ್ತ ಪರೀಕ್ಷೆಯಲ್ಲಿ ನೇರವಾಗಿ ಸಿಗುವುದಿಲ್ಲ. ಕೊಳವೆ ಇಳಿಸಿ ಚೂರು ತೆಗೆದರೆ ಮಾತ್ರ ಗೊತ್ತಾಗುತ್ತದೆ. ಹಾಗಾದರೆ ಎಲ್ಲ ಅಂಕಿಗಳೂ ಎಂಡೋಸ್ಕೋಪಿ ಆದವರವು. ಎಂಡೋಸ್ಕೋಪಿ ಆಗುವುದು ಹೊಟ್ಟೆನೋವು ಇದ್ದವರಿಗೆ, ಅದರಲ್ಲೂ ವಿಮೆ ಇದ್ದವರಿಗೆ. ಊರಿನ ಜನರಲ್ಲಿ ಎಷ್ಟು ಎಂಬುದಕ್ಕೂ ಆಸ್ಪತ್ರೆಗೆ ಬಂದವರಲ್ಲಿ ಎಷ್ಟು ಎಂಬುದಕ್ಕೂ ದೊಡ್ಡ ಅಂತರವಿದೆ.

ಎರಡನೆಯದು ‘ಹಿಸ್ಪಾನಿಕ್’ ಎಂಬ ಪಟ್ಟಿ. ಅಮೆರಿಕದ 2020ರ ಜನಗಣತಿಯಲ್ಲಿ ಈ ಪಟ್ಟಿಯಡಿ 6.2 ಕೋಟಿ ಜನರಿದ್ದರು. ಮೆಕ್ಸಿಕೋ, ಕ್ಯೂಬಾ, ಪೋರ್ಟೊ ರಿಕೊ, ಗ್ವಾಟೆಮಾಲಾ, ಪೆರು, ಎಲ್ಲರೂ ಅದರಲ್ಲಿಯೇ. ಆ ಜನಗಣತಿಯ ಲೆಕ್ಕದಲ್ಲಿ ಅದು ಜನಾಂಗವೇ ಆಗಿರಲಿಲ್ಲ. ಹಿಸ್ಪಾನಿಕ್ ಆಗಿದ್ದುಕೊಂಡು ಬಿಳಿಯ, ಕಪ್ಪು, ಮೂಲನಿವಾಸಿ ಏನು ಬೇಕಾದರೂ ಆಗಿರಬಹುದು. ಆಗುಂಬೆಯ ಮಳೆಯನ್ನೂ ಚಳ್ಳಕೆರೆಯ ಮಳೆಯನ್ನೂ ಕೂಡಿಸಿ ಎರಡರಿಂದ ಭಾಗಿಸಿ, ಇದು ಕರ್ನಾಟಕದ ಮಳೆ ಎಂದರೆ ಯಾವ ರೈತನಿಗೆ ಪ್ರಯೋಜನ?

ಸೂಕ್ಷ್ಮದರ್ಶಕ

ಅಜ್ಜನವರು ನಾನು ಹೇಳಬೇಕೆಂದಿದ್ದ ಅರ್ಧವನ್ನು ಹೇಳಿಬಿಟ್ಟರು. ಆದರೂ ಅಂಕಿ ಕೇಳಿದವರನ್ನು ಬರಿಗೈಯಲ್ಲಿ ಕಳುಹಿಸಬಾರದು.

ಅಮೆರಿಕದಲ್ಲಿ ಎಂಡೋಸ್ಕೋಪಿಯಲ್ಲಿ ಬಯಾಪ್ಸಿ ಆದವರನ್ನೆಲ್ಲ ಒಟ್ಟಿಗೆ ತೆಗೆದುಕೊಂಡರೆ ಸುಮಾರು ಶೇ. 5 ಮಂದಿಗೆ ಮೆಟಾಪ್ಲೇಸಿಯಾ ಇರುತ್ತದೆ. ಅಮೆರಿಕನ್ ಗ್ಯಾಸ್ಟ್ರೋಎಂಟರಾಲಜಿಕಲ್ ಅಸೋಸಿಯೇಷನ್ 2020ರಲ್ಲಿ ಮಾರ್ಗಸೂಚಿ ಬರೆದಾಗ ಆಧಾರವಾಗಿ ಇಟ್ಟುಕೊಂಡದ್ದು ಇಷ್ಟನ್ನೇ. ಇನ್ನು ಹ್ಯೂಸ್ಟನ್‌ನ ಮಾಜಿ ಸೈನಿಕರ ಆಸ್ಪತ್ರೆಯಲ್ಲಿ ನಡೆದ ಅಧ್ಯಯನದಲ್ಲಿ ಹಿಸ್ಪಾನಿಕ್ ರೋಗಿಗಳಲ್ಲಿ ಹತ್ತಿರ ಹತ್ತಿರ ಶೇ. 30, ಕಪ್ಪು ಜನರಲ್ಲಿ ಅದಕ್ಕಿಂತ ತುಸು ಕಡಿಮೆ, ಬಿಳಿಯರಲ್ಲಿ ಶೇ. 14ರ ಆಸುಪಾಸು ಸಿಕ್ಕಿತು. ಒಂದೇ ದೇಶದಲ್ಲಿ ಒಂದು ಕಡೆ ಐದು, ಇನ್ನೊಂದು ಕಡೆ ಮೂವತ್ತು!

ಈ ಅಂತರದ ಒಂದು ಪಾಲು ನಿಜವಾದದ್ದು, ಇನ್ನೊಂದು ಪಾಲು ನಾವು ಹುಡುಕುವ ರೀತಿಯದು. ಮಾಜಿ ಸೈನಿಕರಲ್ಲಿ ಹೆಚ್ಚಿನವರು ಗಂಡಸರು, ವಯಸ್ಸಾದವರು. ಸಿಗರೇಟು ಸೇದಿದವರೂ ಬಹಳ. ಈ ಮೂರೂ ಮೆಟಾಪ್ಲೇಸಿಯಾವನ್ನು ಹೆಚ್ಚಿಸುತ್ತವೆ. ಅದಕ್ಕಿಂತ ಮುಖ್ಯವಾಗಿ, ಅಲ್ಲಿ ಜಠರದ ಹಲವು ಕಡೆಗಳಿಂದ ನಿಯಮ ಹಾಕಿಕೊಂಡು ಚೂರು ತೆಗೆದರು. ದಿನನಿತ್ಯದ ಕೆಲಸದಲ್ಲಿ ಎಷ್ಟೋ ಸಲ ನಮಗೆ ಬರುವುದು ಒಂದೋ ಎರಡೋ ಚೂರು, ಅವೂ ಯಾವ ಭಾಗದ್ದು ಎಂಬ ವಿವರವಿಲ್ಲದೆ ಒಂದೇ ಶೀಶೆಯಲ್ಲಿ. ಸಿಡ್ನಿ ಪದ್ಧತಿಯ ಪ್ರಕಾರ ಐದು ಚೂರು ಬೇಕು: ಆಂಟ್ರಮ್‌ನಿಂದ ಎರಡು, ಮೇಲಿನ ಮುಖ್ಯಭಾಗದಿಂದ ಎರಡು, ನಡುವಿನ ತಿರುವಿನಿಂದ ಒಂದು. ಮೆಟಾಪ್ಲೇಸಿಯಾ ಒಂದೇ ಹಾಸಿನಂತೆ ಇರುವುದಿಲ್ಲ, ಅಲ್ಲಲ್ಲಿ ತೇಪೆಯಾಗಿರುತ್ತದೆ. ಕಡಿಮೆ ತೆಗೆದರೆ ಕಡಿಮೆ ಸಿಗುತ್ತದೆ.

ಇಷ್ಟೆಲ್ಲ ಕಳೆದರೂ ವ್ಯತ್ಯಾಸ ಉಳಿಯುತ್ತದೆ. ಹ್ಯೂಸ್ಟನ್ ಲೆಕ್ಕ ಹೋಲಿಸಿದ್ದು ಒಂದೇ ಆಸ್ಪತ್ರೆಯ, ಒಂದೇ ರೀತಿಯಲ್ಲಿ ಪರೀಕ್ಷೆಯಾದ ಜನರನ್ನು. ಅದರಲ್ಲೂ ಎರಡು ಪಟ್ಟು ಇದೆ. ಜಠರದ ಕ್ಯಾನ್ಸರ್ ಕೂಡ ಅಮೆರಿಕದ ಹಿಸ್ಪಾನಿಕ್ ಜನರಲ್ಲಿ ಬಿಳಿಯರಿಗಿಂತ ಸುಮಾರು ಎರಡು ಪಟ್ಟು.

ಮಲ್ಲಿಗೆ_ಎಲ್‌ಪಾಸೊ

ನಾನು ಎಲ್ ಪಾಸೊದಲ್ಲಿ ನರ್ಸ್. ಗಡಿಯ ಊರು, ನಮ್ಮ ಕ್ಲಿನಿಕ್‌ಗೆ ಬರುವವರೆಲ್ಲ ಮೆಕ್ಸಿಕೋ ಮೂಲದವರೇ ಎನ್ನಬಹುದು. ಅಜ್ಜನವರು ವಿಮೆಯ ಮಾತೆತ್ತಿದರು, ಅದಕ್ಕೆ ಒಂದು ಸೇರಿಸುತ್ತೇನೆ. ಇಲ್ಲಿ ಎಷ್ಟೋ ಹೆಂಗಸರು ವರ್ಷಗಟ್ಟಲೆ ಆಂಟಾಸಿಡ್ ನುಂಗಿಕೊಂಡೇ ಕಾಲ ತಳ್ಳುತ್ತಾರೆ. ಎಂಡೋಸ್ಕೋಪಿಗೆ ಕಳುಹಿಸುವ ಹೊತ್ತಿಗೆ ತೂಕ ಇಳಿದಿರುತ್ತದೆ. ಹಾಗಾಗಿ ನಮ್ಮಲ್ಲಿ ಕಾಣುವ ಅಂಕಿ ಹೆಚ್ಚೂ ಇರಬಹುದು, ಕಡಿಮೆಯೂ ಇರಬಹುದು: ರೋಗ ಬಲಿತವರೇ ಬರುವುದರಿಂದ ಹೆಚ್ಚು, ಬರಬೇಕಾದವರು ಬಾರದೇ ಇರುವುದರಿಂದ ಕಡಿಮೆ.

ಬ್ಯಾಕ್ಟೀರಿಯಾದ ಲೆಕ್ಕವಾದರೆ ಹೆಚ್ಚು ನಂಬಬಹುದು, ಏಕೆಂದರೆ ಅದನ್ನು ಆಸ್ಪತ್ರೆಯಲ್ಲಲ್ಲ, ದೇಶದ ಜನರಿಂದ ಮಾದರಿ ಆರಿಸಿ ರಕ್ತ ತೆಗೆದು ನೋಡಿದ್ದಾರೆ. 1988ರಿಂದ 1991ರ ನಡುವಿನ ರಾಷ್ಟ್ರೀಯ ಸಮೀಕ್ಷೆಯಲ್ಲಿ ಎಚ್. ಪೈಲೋರಿಯ ಪ್ರತಿಕಾಯ ಇದ್ದವರು ಮೆಕ್ಸಿಕನ್ ಅಮೆರಿಕನ್ನರಲ್ಲಿ ಶೇ. 61.6, ಕಪ್ಪು ಜನರಲ್ಲಿ ಶೇ. 52.7, ಬಿಳಿಯರಲ್ಲಿ ಶೇ. 26.2. ಇದು ರಕ್ತದ ಗುಣವಲ್ಲ. ಚಿಕ್ಕ ಮನೆ, ಒಂದೇ ಹಾಸಿಗೆಯಲ್ಲಿ ನಾಲ್ಕು ಮಕ್ಕಳು, ನೀರಿಗೆ ಪರದಾಟ, ಇಂಥಲ್ಲಿ ಬೆಳೆದವರಿಗೆ ಬಾಲ್ಯದಲ್ಲಿಯೇ ಅಂಟಿಕೊಂಡಿರುತ್ತದೆ. ಅವರ ಮಕ್ಕಳು ಇಲ್ಲಿ ಹುಟ್ಟಿ ಬೆಳೆದರೆ ಕಡಿಮೆಯಾಗುತ್ತದೆ. ಹಾಗಾಗಿ ಅಜ್ಜಿಯ ಅಂಕಿಯನ್ನು ಮೊಮ್ಮಗಳಿಗೆ ಅಂಟಿಸಬೇಡಿ ಎಂದು ನಾನು ಮನೆಯವರಿಗೆ ಹೇಳುತ್ತಿರುತ್ತೇನೆ.

ಕುಡ್ಲ_ಲೋಬೋ

ಒಂದು ಸಣ್ಣ ಸಂಶಯ. ಈ ಅಧ್ಯಯನಗಳಲ್ಲಿ ಯಾರು ಹಿಸ್ಪಾನಿಕ್ ಎಂದು ಹೇಗೆ ತೀರ್ಮಾನಿಸುತ್ತಾರೆ? ನನ್ನ ಹೆಸರು ನೋಡಿ ಇಲ್ಲಿನ ಎಲ್ಲ ಸ್ವಾಗತಕಾರರೂ ಸ್ಪ್ಯಾನಿಷ್‌ನಲ್ಲಿಯೇ ಮಾತು ಶುರು ಮಾಡುತ್ತಾರೆ. ಮಂಗಳೂರಿನ ಬಿಜೈಯವನು ಎಂದರೆ ನಂಬುವುದಿಲ್ಲ.

ಸೂಕ್ಷ್ಮದರ್ಶಕ

ಲೋಬೋ ಅವರೇ, ನಗಬೇಡಿ, ಇದು ಗಂಭೀರವಾದ ಪ್ರಶ್ನೆ. ನಮಗೆ ಬರುವ ಚೀಟಿಯಲ್ಲಿ ವಯಸ್ಸು, ಲಿಂಗ, ಹೆಸರು ಇರುತ್ತದೆ. ಜನಾಂಗ ಇರುವುದೇ ಅಪರೂಪ. ಹೀಗಾಗಿ ದೊಡ್ಡ ಪ್ರಯೋಗಾಲಯಗಳ ದತ್ತಾಂಶದಿಂದ ಬರೆದ ಪ್ರಬಂಧಗಳಲ್ಲಿ ಹೆಸರು ನೋಡಿ ವಿಂಗಡಿಸಿದವು ಇವೆ. ಕ್ಯಾನ್ಸರ್ ನೋಂದಣಿಗಳು ಇನ್ನಷ್ಟು ಎಚ್ಚರ ವಹಿಸುತ್ತವೆ, ಅಡ್ಡಹೆಸರಿನ ಜೊತೆಗೆ ಹುಟ್ಟಿದ ದೇಶವನ್ನೂ ನೋಡುವ ಸೂತ್ರ ಅವಕ್ಕಿದೆ. ಬರೀ ಹೆಸರನ್ನೇ ನಂಬಿದ ಕಡೆ ಪಿಂಟೋ, ಲೋಬೋಗಳು ಹಿಸ್ಪಾನಿಕ್ ಲೆಕ್ಕಕ್ಕೆ ಸೇರಿಕೊಳ್ಳಬಹುದು. ಮದುವೆಯಾಗಿ ಗಂಡನ ಹೆಸರು ಹಾಕಿಕೊಂಡ ಮೆಕ್ಸಿಕೋ ಹೆಣ್ಣುಮಗಳು ಬಿಟ್ಟುಹೋಗಬಹುದು. ಲಕ್ಷಗಟ್ಟಲೆ ಜನರ ನಡುವೆ ಇದರಿಂದ ಫಲಿತಾಂಶ ತಲೆಕೆಳಗಾಗುವುದಿಲ್ಲ. ಆದರೂ ದಶಮಾಂಶ ಬಿಂದುವಿನ ಆಚೆಗಿನ ಅಂಕಿಗೆ ಕೈಮುಗಿಯಬೇಕಾಗಿಲ್ಲ.

ಬೆಣ್ಣೆದೋಸೆ_ದಾವಣಗೆರೆ

ಸೊಸೆಯನ್ನು ಕೇಳಿದೆ. ದೇಶ ಕೊಲಂಬಿಯಾ. ಊರು ಪಾಸ್ತೋ, ಬೆಟ್ಟದ ಮೇಲಿನ ಪಟ್ಟಣವಂತೆ, ಪಕ್ಕದಲ್ಲಿಯೇ ಜ್ವಾಲಾಮುಖಿ ಇದೆಯಂತೆ. ಅಲ್ಲಿನ ಜನವರಿ ಜಾತ್ರೆಯ ಚಿತ್ರಗಳನ್ನು ಬೀಗಿತ್ತಿ ನಮಗೆ ತೋರಿಸಿದ್ದು ನೆನಪಿದೆ. ಅವರ ಅಣ್ಣನೊಬ್ಬ ‘ಹೊಟ್ಟೆಯ ಗಡ್ಡೆ’ಯಿಂದ ತೀರಿಕೊಂಡಿದ್ದಾನೆ ಎಂಬುದೂ ಈಗ ಹೊರಬಂತು. ಇಷ್ಟು ದಿನ ಯಾರೂ ಹೇಳಿರಲಿಲ್ಲ.

ಸೂಕ್ಷ್ಮದರ್ಶಕ

ಪಾಸ್ತೋ! ರಾಯರೇ, ನಾನು ಊರು ಕೇಳಿದ್ದು ಸಾರ್ಥಕವಾಯಿತು. ಈ ವಿಷಯದ ಪಾಠಪುಸ್ತಕ ಶುರುವಾಗುವುದೇ ಆ ನೆಲದಿಂದ.

ಪಾಸ್ತೋ ಇರುವುದು ಕೊಲಂಬಿಯಾದ ನೈಋತ್ಯ ಮೂಲೆಯ ನರಿನ್ಯೊ ಪ್ರಾಂತ್ಯದಲ್ಲಿ, ಈಕ್ವೆಡಾರ್ ಗಡಿಗೆ ಹತ್ತಿರ, ಸುಮಾರು 2,500 ಮೀಟರ್ ಎತ್ತರದಲ್ಲಿ. ಪಕ್ಕದ್ದು ಗಲೆರಾಸ್ ಜ್ವಾಲಾಮುಖಿ. ಇನ್ನೂ ಮೇಲೆ, ಮೂರು ಸಾವಿರ ಮೀಟರ್ ದಾಟಿದ ಮೇಲೆ, ತುಕೆರೆಸ್ ಎಂಬ ಊರಿದೆ. ಅದೇ ಪ್ರಾಂತ್ಯದ ಇನ್ನೊಂದು ತುದಿಯಲ್ಲಿ, ಪೆಸಿಫಿಕ್ ಕಡಲ ದಂಡೆಯಲ್ಲಿ, ತುಮಾಕೊ ಎಂಬ ಬಂದರು. ತುಕೆರೆಸ್‌ನಲ್ಲಿ ಜಠರದ ಕ್ಯಾನ್ಸರ್ ವರ್ಷಕ್ಕೆ ಲಕ್ಷ ಜನರಲ್ಲಿ ಸುಮಾರು 150. ತುಮಾಕೊದಲ್ಲಿ ಸುಮಾರು 6. ಒಂದೇ ಪ್ರಾಂತ್ಯ, ಒಂದೇ ಭಾಷೆ, ಒಂದೇ ಸರ್ಕಾರ. ಅಮೆರಿಕಕ್ಕೆ ಬಂದು ಅರ್ಜಿ ತುಂಬಿದರೆ ಇಬ್ಬರೂ ಹಿಸ್ಪಾನಿಕ್.

ಇನ್ನೂ ವಿಚಿತ್ರ ಕೇಳಿ. ಎಚ್. ಪೈಲೋರಿ ಎರಡೂ ಕಡೆ ಹತ್ತಿರ ಹತ್ತಿರ ಶೇ. 90 ವಯಸ್ಕರಲ್ಲಿದೆ. ಮಲ್ಲಿಗೆ ಮೇಡಂ ಕೊಟ್ಟ ರಕ್ತದ ಲೆಕ್ಕವನ್ನು ಮಾತ್ರ ನೋಡಿದ್ದರೆ ಎರಡೂ ಊರಿನ ಅಪಾಯ ಒಂದೇ ಎನ್ನಬೇಕಾಗುತ್ತಿತ್ತು. ಆದರೆ ಬಯಾಪ್ಸಿ ನೋಡಿದರೆ ಬೆಟ್ಟದವರಲ್ಲಿ ಅಟ್ರೋಫಿ, ಮೆಟಾಪ್ಲೇಸಿಯಾ ಧಾರಾಳ. ಕಡಲತೀರದವರಲ್ಲಿ ಬ್ಯಾಕ್ಟೀರಿಯಾ ಇದ್ದರೂ ಬಹುಮಟ್ಟಿಗೆ ಉರಿಯೂತದಲ್ಲಿಯೇ ನಿಂತಿರುತ್ತದೆ.

ಕೊರಿಯಾ ಅವರು ಕಾಲಿ ನಗರದ ವಿಶ್ವವಿದ್ಯಾಲಯದಲ್ಲಿದ್ದಾಗ, 1962ರಲ್ಲಿ, ಆ ನಗರಕ್ಕೊಂದು ಕ್ಯಾನ್ಸರ್ ನೋಂದಣಿ ಆರಂಭವಾಯಿತು. ನರಿನ್ಯೊದಿಂದ ವಲಸೆ ಬಂದವರಲ್ಲಿ ಜಠರದ ಕ್ಯಾನ್ಸರ್ ಹೆಚ್ಚೆಂದು ಕಂಡಾಗ ತಂಡ ಬೆಟ್ಟ ಹತ್ತಿತು. ಆಗಿನ್ನೂ ಎಚ್. ಪೈಲೋರಿ ಎಂಬುದೇ ಯಾರಿಗೂ ಗೊತ್ತಿರಲಿಲ್ಲ. ಬ್ಯಾರಿ ಮಾರ್ಷಲ್, ರಾಬಿನ್ ವಾರೆನ್ ಅದನ್ನು ಪ್ರಯೋಗಾಲಯದಲ್ಲಿ ಬೆಳೆಸಿದ್ದು 1982ರಲ್ಲಿ. ಹಾಗಾಗಿ ಕೊರಿಯಾ ತಂಡ ಉಪ್ಪು, ಬಾವಿನೀರಿನಲ್ಲಿರುವ ನೈಟ್ರೇಟ್, ತಾಜಾ ಹಣ್ಣುತರಕಾರಿಯ ಕೊರತೆ ಇವನ್ನು ಹಿಂಬಾಲಿಸಿತು. ಬ್ಯಾಕ್ಟೀರಿಯಾ ಬಂದ ಮೇಲೆ ಮೆಟ್ಟಿಲುಗಳನ್ನು ಬದಲಿಸಬೇಕಾಗಲಿಲ್ಲ. ಮೊದಲ ಮೆಟ್ಟಿಲಿಗೆ ತಳ್ಳುವವನು ಯಾರು ಎಂಬ ಜಾಗ ಖಾಲಿಯಿತ್ತು, ಅಲ್ಲಿ ಅದು ಕುಳಿತಿತು. ನನಗೆ ಆ 1975ರ ಪ್ರಬಂಧದ ಮೇಲೆ ಇವತ್ತಿಗೂ ಗೌರವ ಹೆಚ್ಚಿರುವುದು ಇದರಿಂದಲೇ: ಮುಖ್ಯ ಪಾತ್ರಧಾರಿಯೇ ತೆರೆಯ ಹಿಂದಿದ್ದಾಗಲೂ ಕಥೆಯ ಅಂಕಗಳನ್ನು ಸರಿಯಾಗಿ ಬರೆದರು, ಬರೀ ಸೂಕ್ಷ್ಮದರ್ಶಕದಲ್ಲಿ ನೋಡಿ.

ಬೆಟ್ಟಕ್ಕೂ ಕಡಲಿಗೂ ಯಾಕೆ ಈ ಅಂತರ? ಹಲವು ವಿವರಣೆಗಳಿವೆ. ತುಮಾಕೊದವರು ಮೀನು, ಹಣ್ಣು ಹೆಚ್ಚು ತಿನ್ನುತ್ತಾರೆ. ಅಲ್ಲಿನ ಮಕ್ಕಳಲ್ಲಿ ಜಂತುಹುಳು ಹೆಚ್ಚು, ಹುಳುಗಳು ದೇಹದ ರಕ್ಷಣಾ ವ್ಯವಸ್ಥೆಯನ್ನು ಬೇರೆ ದಿಕ್ಕಿಗೆ ತಿರುಗಿಸಿ ಜಠರದ ಉರಿಯೂತವನ್ನು ತಗ್ಗಿಸುತ್ತವೆ ಎಂಬ ವಾದವಿದೆ. ಇನ್ನೊಂದು ವಂಶದ ವಿವರಣೆ. ತುಮಾಕೊದವರು ಹೆಚ್ಚಾಗಿ ಆಫ್ರಿಕಾ ಮೂಲದವರು, ತುಕೆರೆಸ್‌ನವರು ಹೆಚ್ಚಾಗಿ ಅಮೆರಿಕದ ಮೂಲನಿವಾಸಿ ವಂಶದವರು. ಮನುಷ್ಯರು ಆಫ್ರಿಕಾದಿಂದ ಹೊರಟಾಗ ಅವರ ಹೊಟ್ಟೆಯೊಳಗೆ ಈ ಬ್ಯಾಕ್ಟೀರಿಯಾವೂ ಹೊರಟು, ಆಯಾ ಜನರ ಜೊತೆ ಹೊಂದಿಕೊಂಡು ಬೆಳೆಯಿತು. 2014ರಲ್ಲಿ ವ್ಯಾಂಡರ್‌ಬಿಲ್ಟ್ ವಿಶ್ವವಿದ್ಯಾಲಯದವರು ಈ ಎರಡೂ ಕಡೆಯ ಜನರ ಮತ್ತು ಅವರ ಬ್ಯಾಕ್ಟೀರಿಯಾದ ವಂಶವಾಹಿಗಳನ್ನು ಹೋಲಿಸಿದರು. ಆಫ್ರಿಕಾ ಮೂಲದ ಬ್ಯಾಕ್ಟೀರಿಯಾ ಆಫ್ರಿಕಾ ಮೂಲದವರ ಹೊಟ್ಟೆಯಲ್ಲಿ ಹೆಚ್ಚು ಹಾನಿ ಮಾಡಿರಲಿಲ್ಲ. ಮೂಲನಿವಾಸಿ ವಂಶದವರ ಹೊಟ್ಟೆಯಲ್ಲಿ ಹಾನಿ ತೀವ್ರವಾಗಿತ್ತು. ವಸಾಹತುಶಾಹಿ ಕಾಲದಲ್ಲಿ ಜನ ಬೆರೆತರು, ಬ್ಯಾಕ್ಟೀರಿಯಾಗಳು ಜೋಡಿ ತಪ್ಪಿದವು.

ಬ್ಯಾಡಗಿ_ಕೆಂಪು

ಇಷ್ಟೆಲ್ಲ ಓದಿದೆ, ಖಾರದ ಮಾತು ಯಾರೂ ಎತ್ತಲಿಲ್ಲ. ಮೆಕ್ಸಿಕೋದವರು ಮೆಣಸಿನಕಾಯಿ ತಿನ್ನುವುದರಲ್ಲಿ ನಮಗೆ ಅಣ್ಣಂದಿರು. ಕಾರಣ ಅದೇ ಇರಬಹುದಲ್ಲ? ನನ್ನ ಮನೆಯವಳು ದಿನವೂ ಅದನ್ನೇ ಹೇಳಿ ನನ್ನ ತಟ್ಟೆಯಿಂದ ರಂಜಕ ಕಿತ್ತುಕೊಳ್ಳುತ್ತಾಳೆ.

ಅಂಕಿಅಂಶ_ಅಜ್ಜ

ಮೆಕ್ಸಿಕೋ ನಗರದಲ್ಲಿ ಅದನ್ನೇ ಕೇಳಿದ್ದಾರೆ, 1994ರಲ್ಲಿ ಪ್ರಕಟವಾಗಿದೆ. ಮೆಣಸಿನಕಾಯಿ ತಿನ್ನುವವರಲ್ಲಿ ಜಠರದ ಕ್ಯಾನ್ಸರ್ ಐದು ಪಟ್ಟಿಗೂ ಹೆಚ್ಚು ಎಂದು ಬಂತು. ‘ನಾನು ಬಹಳ ಖಾರ ತಿನ್ನುತ್ತೇನೆ’ ಎಂದವರಲ್ಲಿ ಇನ್ನೂ ಹೆಚ್ಚು. ಆದರೆ ದಿನಕ್ಕೆ ಎಷ್ಟು ಸಲ ತಿನ್ನುತ್ತೀರಿ ಎಂಬ ಲೆಕ್ಕ ಹಾಕಿದಾಗ ಆ ಏರಿಕೆ ಕಾಣಲಿಲ್ಲ. ಕ್ಯಾನ್ಸರ್ ಬಂದವನು ತನ್ನ ಊಟವನ್ನು ಹಿಂದಿರುಗಿ ನೋಡಿ ದೂರುವ ರೀತಿಯೇ ಬೇರೆ, ಆರೋಗ್ಯವಂತನ ನೆನಪೇ ಬೇರೆ. ಇಂಥ ಅಧ್ಯಯನದ ಮೇಲೆ ಬ್ಯಾಡಗಿಯ ಮಾರುಕಟ್ಟೆ ಮುಚ್ಚಿಸಲು ನಾನು ಒಪ್ಪುವುದಿಲ್ಲ. ಉಪ್ಪಿನ ಮೇಲಿನ ಆರೋಪ ಇದಕ್ಕಿಂತ ಗಟ್ಟಿಯಾದದ್ದು. ರಂಜಕದ ಉಪ್ಪಿನ ಬಗ್ಗೆ ಮನೆಯವರು ಹೇಳಿದರೆ ಕೇಳಿ.

ಸೂಕ್ಷ್ಮದರ್ಶಕರಿಗೆ ಒಂದು ತಕರಾರು. ನಿಮ್ಮ ತುಕೆರೆಸ್ ಮತ್ತು ತುಮಾಕೊ ಕಥೆ ಚೆನ್ನಾಗಿದೆ, ಸ್ವಲ್ಪ ಹೆಚ್ಚೇ ಚೆನ್ನಾಗಿದೆ. ಬೆಟ್ಟ ಒಂದು, ಕಡಲತೀರ ಒಂದು, ನಡುವೆ ವ್ಯತ್ಯಾಸಗಳು ಇಪ್ಪತ್ತು. ಎರಡೇ ಊರುಗಳಿಂದ ಇಪ್ಪತ್ತು ಕಾರಣಗಳನ್ನು ಬೇರ್ಪಡಿಸಲು ಯಾವ ಸಂಖ್ಯಾಶಾಸ್ತ್ರಕ್ಕೂ ಆಗದು. ವಂಶ, ಊಟ, ಬಡತನ, ಎತ್ತರ, ಹುಳು ಎಲ್ಲವೂ ಒಟ್ಟಿಗೇ ಬದಲಾಗುತ್ತವೆ.

ಸೂಕ್ಷ್ಮದರ್ಶಕ

ತಕರಾರು ನ್ಯಾಯವಾದದ್ದೇ. ಆದರೆ ಬೆಟ್ಟದ ಮಾತು ಎರಡು ಊರುಗಳಿಗೆ ನಿಲ್ಲುವುದಿಲ್ಲ. ಲ್ಯಾಟಿನ್ ಅಮೆರಿಕದ ಪೆಸಿಫಿಕ್ ಬದಿಯ ಬೆಟ್ಟಸಾಲಿನುದ್ದಕ್ಕೂ, ಚಿಲಿಯಿಂದ ಈಕ್ವೆಡಾರ್, ಕೋಸ್ಟರಿಕಾ, ಪಶ್ಚಿಮ ಹೊಂಡುರಾಸ್, ಗ್ವಾಟೆಮಾಲಾದವರೆಗೂ ಎತ್ತರದ ಊರುಗಳಲ್ಲಿ ಜಠರದ ಕ್ಯಾನ್ಸರ್ ಹೆಚ್ಚು. ಎತ್ತರ ತಾನೇ ಕ್ಯಾನ್ಸರ್ ತರುವುದಿಲ್ಲ, ಅದು ಅಲ್ಲಿ ವಾಸಿಸುವವರ ವಂಶ, ಊಟ, ಬ್ಯಾಕ್ಟೀರಿಯಾ ಇವುಗಳ ಗುರುತು ಅಷ್ಟೇ. ನನ್ನ ಮಟ್ಟಿಗೆ ಮುಖ್ಯವಾದದ್ದು ಇದು: ಚೀಟಿಯಲ್ಲಿ ‘ಹಿಸ್ಪಾನಿಕ್’ ಎಂದಿದ್ದರೆ ನನಗೆ ತಿಳಿಯುವುದು ಕಡಿಮೆ. ‘ನರಿನ್ಯೊ ಬೆಟ್ಟದಲ್ಲಿ ಬೆಳೆದವರು, ಅಣ್ಣನಿಗೆ ಜಠರದ ಕ್ಯಾನ್ಸರ್’ ಎಂದಿದ್ದರೆ ನಾನು ಇನ್ನೂ ನಾಲ್ಕು ಪದರ ಕತ್ತರಿಸಿ ನೋಡುತ್ತೇನೆ.

ರಾಯರ ಮೊದಲ ಪ್ರಶ್ನೆಗೆ ಉತ್ತರವೂ ಅಲ್ಲಿಯೇ ಇದೆ. ಆ ವೈದ್ಯರು ಸಾಮಾನ್ಯ ಎಂದದ್ದು ಸುಳ್ಳಲ್ಲ. ಆದರೆ ಆ ಜನರಲ್ಲಿ ಸಾಮಾನ್ಯವಾಗಿರುವ ಈ ಬದಲಾವಣೆಯೇ ಅಲ್ಲಿ ಕ್ಯಾನ್ಸರ್ ಹೆಚ್ಚಿರುವುದಕ್ಕೆ ದಾರಿ. ಸಾಮಾನ್ಯ ಎಂಬ ಕಾರಣಕ್ಕೆ ಕಡತ ಮುಚ್ಚುವಂತಿಲ್ಲ.

ಹುಬ್ಬಳ್ಳಿ_ಗ್ಯಾಸ್ಟ್ರೋ

ನಾನು ಹುಬ್ಬಳ್ಳಿಯಲ್ಲಿ ಗ್ಯಾಸ್ಟ್ರೋಎಂಟರಾಲಜಿಸ್ಟ್. ನಮ್ಮ ಕಡೆಯ ಕಥೆಯೂ ತುಮಾಕೊಗೆ ಹತ್ತಿರ. ಭಾರತದಲ್ಲಿ ವಯಸ್ಕರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ಎಚ್. ಪೈಲೋರಿ ಇದೆ, ಆದರೆ ಜಠರದ ಕ್ಯಾನ್ಸರ್ ಜಪಾನ್, ಕೊರಿಯಾಗಳಿಗೆ ಹೋಲಿಸಿದರೆ ಬಹಳ ಕಡಿಮೆ. ಆಫ್ರಿಕಾದಲ್ಲಿಯೂ ಹೀಗೆಯೇ ಇರುವುದನ್ನು 1992ರಲ್ಲಿ ‘ಆಫ್ರಿಕಾದ ಒಗಟು’ ಎಂದು ಕರೆದರು, ನಮ್ಮದನ್ನೂ ಒಗಟೆಂದೇ ಕರೆಯುತ್ತಾರೆ. ಆದರೆ ಭಾರತವನ್ನೂ ಒಂದೇ ಚೀಲಕ್ಕೆ ಹಾಕಲಾಗದು. ಮಿಜೋರಾಂನ ಐಜ್ವಾಲ್‌ನಲ್ಲಿ ಜಠರದ ಕ್ಯಾನ್ಸರ್ ದೇಶದಲ್ಲಿಯೇ ಅತಿ ಹೆಚ್ಚಿನ ಮಟ್ಟದಲ್ಲಿದೆ. ಚೆನ್ನೈ, ಬೆಂಗಳೂರಿನಲ್ಲಿ ಮುಂಬೈಗಿಂತ ಹೆಚ್ಚು.

ಅಮೆರಿಕದಲ್ಲಿರುವ ಕನ್ನಡಿಗರಿಗೆ ಒಂದು ಮಾತು. ಅಲ್ಲಿ ನಿಮ್ಮನ್ನು ‘ಏಷ್ಯನ್’ ಎಂಬ ಪಟ್ಟಿಗೆ ಹಾಕುತ್ತಾರೆ. ಜಪಾನಿ, ಕೊರಿಯನ್ನರ ಅಂಕಿಯನ್ನು ನಿಮ್ಮ ಮೇಲೆ ಹೊದಿಸಿದರೆ ಅನಗತ್ಯ ಗಾಬರಿ. ಮಾರ್ಗಸೂಚಿಗಳಲ್ಲಿ ‘ಅಪಾಯ ಹೆಚ್ಚಿರುವ ದೇಶದಿಂದ ಬಂದವರು’ ಎಂದಿರುತ್ತದೆ, ಆ ದೇಶ ಯಾವುದು ಎಂದು ಕೇಳಿಕೊಳ್ಳಿ.

ಇನ್ನು ಬೀಗಿತ್ತಿಯವರ ಮುಂದಿನ ದಾರಿ. 2020ರ ಅಮೆರಿಕನ್ ಮಾರ್ಗಸೂಚಿ ಮೆಟಾಪ್ಲೇಸಿಯಾ ಕಂಡವರೆಲ್ಲರಿಗೂ ವಾಡಿಕೆಯಾಗಿ ಮತ್ತೆ ಮತ್ತೆ ಎಂಡೋಸ್ಕೋಪಿ ಬೇಡ ಎಂದಿತ್ತು. ಜೊತೆಗೇ, ಮನೆಯಲ್ಲಿ ಜಠರದ ಕ್ಯಾನ್ಸರ್ ಇದ್ದವರು, ಅಪಾಯ ಹೆಚ್ಚಿರುವ ಕಡೆಯಿಂದ ಬಂದವರು, ಬದಲಾವಣೆ ವಿಸ್ತಾರವಾಗಿರುವವರು ಅಥವಾ ‘ಅಪೂರ್ಣ’ ಬಗೆಯದಾಗಿರುವವರು (ಕೋಶಗಳು ಸಣ್ಣ ಕರುಳಿನವಕ್ಕಿಂತ ದೊಡ್ಡ ಕರುಳಿನವನ್ನು ಹೋಲುವ ಬಗೆ) ವೈದ್ಯರೊಡನೆ ಚರ್ಚಿ‌ಸಿ ನಿಗಾ ಆರಿಸಿಕೊಳ್ಳಬಹುದು ಎಂದೂ ಬರೆದಿತ್ತು. 2025ರಲ್ಲಿ ಅಮೆರಿಕನ್ ಕಾಲೇಜ್ ಆಫ್ ಗ್ಯಾಸ್ಟ್ರೋಎಂಟರಾಲಜಿ ಇಂಥ ಹೆಚ್ಚಿನ ಅಪಾಯದವರಿಗೆ ಮೂರು ವರ್ಷಕ್ಕೊಮ್ಮೆ ನೋಡುವುದು ಒಳ್ಳೆಯದು ಎಂದು ಸೂಚಿಸಿದೆ. ಯುರೋಪಿನವರು ವಿಸ್ತಾರವಾದ ಬದಲಾವಣೆಗೆ ಮೊದಲೇ ಹಾಗೆ ಹೇಳಿದ್ದರು. ಇವರ ವಿಷಯದಲ್ಲಿ ಎರಡು ಅಂಶಗಳು ಈಗಾಗಲೇ ಸೇರಿವೆ: ಊರು ಮತ್ತು ಅಣ್ಣ. ಉಳಿದ ಎರಡನ್ನು ವರದಿಯಲ್ಲಿ ಬರೆದಿಲ್ಲ.

ತುಂಗಾತೀರ

ನನ್ನ ವರದಿಯಲ್ಲೂ ಎಚ್. ಪೈಲೋರಿ ಎಂದಿತ್ತು. ಮಾತ್ರೆ ನುಂಗಿದರೆ ಈ ಮೆಟಾಪ್ಲೇಸಿಯಾ ಹೋಗಿ ಮೊದಲಿನಂತಾಗುತ್ತದೆಯೇ?

ಹುಬ್ಬಳ್ಳಿ_ಗ್ಯಾಸ್ಟ್ರೋ

ನಿಮ್ಮ ವರದಿಯಲ್ಲಿ ಮೆಟಾಪ್ಲೇಸಿಯಾ ಎಂದಿರದಿದ್ದರೆ ಆ ಚಿಂತೆ ನಿಮಗೆ ಬೇಡ. ಉಳಿದಂತೆ, ಅದಕ್ಕೂ ನರಿನ್ಯೊದಲ್ಲಿಯೇ ಪ್ರಯೋಗ ನಡೆಯಿತು. ಬದಲಾವಣೆ ಈಗಾಗಲೇ ಇದ್ದ ಬೆಟ್ಟದ ಜನರಿಗೆ ಕೊರಿಯಾ ತಂಡ ಬ್ಯಾಕ್ಟೀರಿಯಾ ಓಡಿಸುವ ಔಷಧಿ, ಬೀಟಾ ಕ್ಯಾರೋಟೀನ್, ವಿಟಮಿನ್ ಸಿ ಕೊಟ್ಟು ಆರು ವರ್ಷ ನೋಡಿತು. 2000ದಲ್ಲಿ ಪ್ರಕಟವಾದ ಫಲಿತಾಂಶದಲ್ಲಿ, ಕೊಡದವರಿಗಿಂತ ಕೊಟ್ಟವರಲ್ಲಿ ಹಿಂದಕ್ಕೆ ಸರಿದವರು ಹೆಚ್ಚು. ಅದೇ ಜನರನ್ನು ಹದಿನಾರು ವರ್ಷ ಹಿಂಬಾಲಿಸಿದ ವರದಿ 2018ರಲ್ಲಿ ಬಂತು. ಬ್ಯಾಕ್ಟೀರಿಯಾ ಇಲ್ಲದೆ ಹೆಚ್ಚು ಕಾಲ ಕಳೆದವರಲ್ಲಿ ಬದಲಾವಣೆ ಮುಂದುವರಿಯುವುದು ಕಡಿಮೆ. ಪೂರ್ತಿ ಮೊದಲಿನಂತಾಗುತ್ತದೆ ಎಂದು ಮಾತ್ರ ನಾನು ಯಾವ ರೋಗಿಗೂ ಭರವಸೆ ಕೊಡುವುದಿಲ್ಲ. ಅಟ್ರೋಫಿ ಹಿಂದಿರುಗುವಷ್ಟು ಸುಲಭವಾಗಿ ಮೆಟಾಪ್ಲೇಸಿಯಾ ಹಿಂದಿರುಗದು.

ಮಲ್ಲಿಗೆ_ಎಲ್‌ಪಾಸೊ

ಮಾತ್ರೆಯ ಬಗ್ಗೆ ಹೇಳಲೇಬೇಕು. ಇಲ್ಲಿ ಈಗ ಮೊದಲ ಆಯ್ಕೆ ಹದಿನಾಲ್ಕು ದಿನಗಳ ನಾಲ್ಕು ಔಷಧಿಗಳ ಕೋರ್ಸ್. ಅದರಲ್ಲಿ ಬಿಸ್ಮತ್ ಇರುವುದರಿಂದ ಮಲ ಕಪ್ಪಗಾಗುತ್ತದೆ. ರಕ್ತ ಹೋಗುತ್ತಿದೆ ಎಂದು ಹೆದರಿ ಅರ್ಧಕ್ಕೆ ಬಿಟ್ಟವರನ್ನು ಬಹಳ ನೋಡಿದ್ದೇನೆ. ಬೀಗಿತ್ತಿಗೆ ಮೊದಲೇ ಹೇಳಿಡಿ, ಸಾಧ್ಯವಾದರೆ ಅವರ ಭಾಷೆಯಲ್ಲಿಯೇ ಬರೆದುಕೊಡಿ. ಸೊಸೆಗೂ ಪರೀಕ್ಷೆ ಮಾಡಿಸಿ, ಒಂದೇ ಮನೆಯಲ್ಲಿ ಬೆಳೆದವಳು.

ಬೆಣ್ಣೆದೋಸೆ_ದಾವಣಗೆರೆ

ಎಲ್ಲರಿಗೂ ಕೃತಜ್ಞತೆ. ನೀವೆಲ್ಲ ಹೇಳಿದ್ದನ್ನು ಮಗನಿಗೆ ಬರೆದು ಕಳುಹಿಸಿದೆ. ಅವನು ಆಸ್ಪತ್ರೆಗೆ ಮೂರು ವಿಷಯ ಕೇಳಿದ. ಚೂರು ತೆಗೆದದ್ದು ಆಂಟ್ರಮ್‌ನಿಂದ ಮಾತ್ರವಂತೆ, ಮೇಲಿನ ಭಾಗದಿಂದ ತೆಗೆದೇ ಇಲ್ಲ. ಬಗೆ ಯಾವುದು ಎಂದು ಅದೇ ಚೂರನ್ನು ಮತ್ತೆ ನೋಡಿ, ‘ಅಪೂರ್ಣ ಬಗೆ’ ಎಂದು ಸೇರಿಸಿ ಕೊಟ್ಟಿದ್ದಾರೆ. ಅಣ್ಣನ ವಿಷಯ ಅವರ ಕಡತದಲ್ಲಿರಲಿಲ್ಲ, ಈಗ ಬರೆಸಿದ್ದಾನೆ. ಔಷಧಿ ಮುಗಿದ ಮೇಲೆ, ಮೇಲಿನ ಭಾಗದಿಂದಲೂ ಚೂರು ತೆಗೆಯಲು ಇನ್ನೊಂದು ಎಂಡೋಸ್ಕೋಪಿ ನಿಗದಿಯಾಗಿದೆ. ಬೀಗಿತ್ತಿ ಪಾಸ್ತೋದಲ್ಲಿರುವ ತಂಗಿಯರಿಗೂ ಫೋನ್ ಮಾಡಿ ಪರೀಕ್ಷೆ ಮಾಡಿಸಿಕೊಳ್ಳಿ ಎಂದು ಗದರಿದ್ದಾರಂತೆ.

ಒಂದು ಕೊನೆಯ ಪ್ರಶ್ನೆ. ಕೋರ್ಸ್ ಮುಗಿದ ಮೇಲೆ ಬ್ಯಾಕ್ಟೀರಿಯಾ ಹೋಗಿದೆಯೇ ಎಂದು ನೋಡಲು ಉಸಿರಿನ ಪರೀಕ್ಷೆ ಇದೆಯಂತೆ. ಅದಕ್ಕೆ ಅವರ ಪ್ಯಾಂಟೊಪ್ರಜೋಲ್ ನಿಲ್ಲಿಸಬೇಕೇ? ಅದಿಲ್ಲದೆ ರಾತ್ರಿ ನಿದ್ದೆ ಬರುವುದಿಲ್ಲ ಎನ್ನುತ್ತಾರೆ.

ಹುಬ್ಬಳ್ಳಿ_ಗ್ಯಾಸ್ಟ್ರೋ

ನಿಲ್ಲಿಸಬೇಕು, ಪರೀಕ್ಷೆಗೆ ಎರಡು ವಾರ ಮೊದಲು. ಇಲ್ಲದಿದ್ದರೆ ಬ್ಯಾಕ್ಟೀರಿಯಾ ಅಡಗಿ ಕುಳಿತು ಸುಳ್ಳು ನೆಗೆಟಿವ್ ಬರುತ್ತದೆ. ಪರೀಕ್ಷೆಯನ್ನೂ ಕೋರ್ಸ್ ಮುಗಿದು ನಾಲ್ಕು ವಾರ ಕಳೆದ ಮೇಲೆಯೇ ಮಾಡಿಸಿ, ಆ ಅವಧಿಯಲ್ಲಿ ಬೇರೆ ಯಾವ ಕಾಯಿಲೆಗೂ ಆಂಟಿಬಯಾಟಿಕ್ ತೆಗೆದುಕೊಂಡಿರಬಾರದು. ಮಧ್ಯೆ ಎದೆಯುರಿ ಬಂದರೆ ಬಿಸ್ಮತ್ ಇಲ್ಲದ ಸಾಧಾರಣ ಆಂಟಾಸಿಡ್ ಕುಡಿಯಬಹುದು, ಅವರ ವೈದ್ಯರನ್ನು ಒಂದು ಮಾತು ಕೇಳಿಕೊಂಡು. ರಾತ್ರಿ ಊಟ ಬೇಗ ಮುಗಿಸಲಿ, ತಲೆಯ ಕಡೆ ಮಂಚ ಸ್ವಲ್ಪ ಎತ್ತರಿಸಲಿ. ಎರಡೇ ವಾರ.